ಹೂವು ಗಾಂಧಿ ಬಜಾರಿನದು, ಬೊಕೆ ಮನೆಯದು!

ಬಸವನಗುಡಿ: ಮನೆಯಲ್ಲಿ ಮಾವನವರ ಷಷ್ಟ್ಯಬ್ದಿ. ಇಲ್ಲವೇ ಮಗಳ ಶಾಲೆಯಲ್ಲಿ ಹೆಡ್‌ಮೇಡಂ ಅವರಿಗೆ ಬೀಳ್ಕೊಡುಗೆ. ಅದೂ ಅಲ್ಲದಿದ್ದರೆ ಬ್ಯಾಂಕಿನ ಗೆಳೆಯರೊಬ್ಬರ ರಿಟೈರ್‌ಮೆಂಟು. ಶಾಲು, ಹಣ್ಣು, ತಟ್ಟೆ ಎಲ್ಲ ಸಿದ್ಧವಾಗಿರುತ್ತದೆ. ಹೊರಡುವ ಅರ್ಧ ಗಂಟೆ ಮುಂಚೆ ಯಾರಿಗೋ ನೆನಪಾಗುತ್ತದೆ: "ಅಯ್ಯೋ, ಬೊಕೆ ಮರೆತೇ ಹೋಯ್ತಲ್ಲ!"

ಸ್ಕೂಟರು ಓಡುತ್ತದೆ. ಬೊಕೆ ಬರುತ್ತದೆ. ಬರಬರ ಸದ್ದು ಮಾಡುವ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಜರಿ ಕಾಗದ, ಅದರ ಮೇಲೊಂದು ಥಳಥಳ ರಿಬ್ಬನ್. ಒಳಗೆ ಇಣುಕಿ ನೋಡಿದರೆ ಎರಡು ಗುಲಾಬಿ, ಮೂರು ಜರ್ಬೇರಾ, ಮಿಕ್ಕಿದ್ದೆಲ್ಲ ಸೊಪ್ಪು!

ಆಮೇಲೇನು? ವೇದಿಕೆಯ ಮೇಲೆ ಕೊಡುತ್ತಾರೆ, ಫೋಟೋ ಹೊಡೆಯುತ್ತಾರೆ, ಪಡೆದವರು ಪಕ್ಕದ ಟೀಪಾಯಿಯ ಮೇಲೆ ಇಡುತ್ತಾರೆ. ಸಭೆ ಮುಗಿದ ಮೇಲೆ ಕುರ್ಚಿ ಮಡಿಸುವ ಹುಡುಗರು ಅದನ್ನು ಕಸದ ಮೂಟೆಗೆ ಸೇರಿಸುತ್ತಾರೆ. ಹೂವಿಗೆ ಸಿಕ್ಕ ಮರ್ಯಾದೆ ಐದು ನಿಮಿಷದ್ದು. ಸುತ್ತಿದ ಪ್ಲಾಸ್ಟಿಕ್ಕಿನ ಆಯಸ್ಸು ಮಾತ್ರ ಕೊಟ್ಟವರಿಗಿಂತಲೂ ಪಡೆದವರಿಗಿಂತಲೂ ಹೆಚ್ಚು.

ಇದಕ್ಕೊಂದು ಸುಲಭ ಉಪಾಯ ಗಾಂಧಿ ಬಜಾರಿನ ಫುಟ್‌ಪಾತಿನ ಮೇಲೆಯೇ ಇದೆ. ಒಂದೇ ಜಾತಿಯ ಹೂವು ಏಳೋ ಒಂಬತ್ತೋ ದಂಟು, ಒಂದೆಳೆ ಬಾಳೆ ನಾರು, ಹತ್ತು ನಿಮಿಷದ ಕೈಕೆಲಸ. ಬೊಕೆ ಮನೆಯಲ್ಲೇ ತಯಾರು!

ಮೊಳದ ಹೂವು, ದಂಟಿನ ಹೂವು

ಗಾಂಧಿ ಬಜಾರಿಗೆ ಹೂವಿಗೆಂದು ಬರುವವರು ಹೆಚ್ಚಾಗಿ ಕೇಳುವುದು ಮೊಳದ ಲೆಕ್ಕ, ಮಾರಿನ ಲೆಕ್ಕ. ದುಂಡು ಮಲ್ಲಿಗೆ, ಕಾಕಡ, ಕನಕಾಂಬರ, ನಡುನಡುವೆ ಮರುಗ. ಸೇವಂತಿಗೆಯೂ ಚೆಂಡು ಹೂವೂ ತೂಕದ ಲೆಕ್ಕದಲ್ಲಿ ಹೋಗುತ್ತವೆ. ನಮ್ಮ ಕಡೆ ಹೂವು ಎಂದರೆ ಮುಡಿಗೆ, ದೇವರಿಗೆ, ಬಾಗಿಲಿಗೆ. ಅದಕ್ಕೆ ದಂಟು ಬೇಕಿಲ್ಲ. ದಂಟಿನ ಸಮೇತ ಹೂವು ಕೊಳ್ಳುವ ರೂಢಿ ಈಚಿನದು. 1990ರ ದಶಕದಲ್ಲಿ ಬೆಂಗಳೂರಿನ ಸುತ್ತ ಹಸಿರುಮನೆಗಳು ಎದ್ದು, ಉದ್ದ ದಂಟಿನ ಗುಲಾಬಿ, ಜರ್ಬೇರಾ, ಕಾರ್ನೇಷನ್ ಬೆಳೆಯತೊಡಗಿದ ಮೇಲೆ ಬೊಕೆ ಎಂಬುದು ಮಧ್ಯಮ ವರ್ಗದ ಮನೆಗಳಿಗೂ ಬಂತು.

ಹಾಗೆಂದು ಬೊಕೆ ನಮಗೆ ತೀರ ಹೊರಗಿನದೂ ಅಲ್ಲ. 'ಹಾರ ತುರಾಯಿ' ಎಂಬ ಜೋಡಿ ಮಾತು ಕನ್ನಡದಲ್ಲಿ ಹಳೆಯದು. ಅಲ್ಲಿನ ತುರಾಯಿ ಎಂದರೆ ಇದೇ, ಕೈಯಲ್ಲಿ ಹಿಡಿಯುವ ಹೂವಿನ ಗೊಂಚಲು. ಅದಕ್ಕೆ ಪ್ಲಾಸ್ಟಿಕ್ ಸೀರೆ ಉಡಿಸಿದ್ದು ಮಾತ್ರ ಹೊಸ ಕಾಲ.

'ಹೂವು ಬೇಡ, ಪುಸ್ತಕ ಕೊಡಿ'

ಈ ದುಂದಿಗೆ ಬೇಸತ್ತು ಸರ್ಕಾರಗಳೇ ಬೊಕೆಗೆ ಬೇಡ ಎಂದದ್ದುಂಟು. ಪ್ರಧಾನಿ ಪ್ರವಾಸ ಬಂದಾಗ ಹೂಗುಚ್ಛ ಕೊಡಬಾರದು, ಬೇಕಿದ್ದರೆ ಒಂದೇ ಒಂದು ಹೂವನ್ನು ಖಾದಿ ಕರವಸ್ತ್ರದ ಜೊತೆಗೋ ಪುಸ್ತಕದ ಜೊತೆಗೋ ಕೊಡಬಹುದು ಎಂದು ಕೇಂದ್ರ ಗೃಹ ಸಚಿವಾಲಯ 2017ರ ಜುಲೈನಲ್ಲಿ ರಾಜ್ಯಗಳಿಗೆ ಬರೆಯಿತು. 2021ರ ಆಗಸ್ಟಿನಲ್ಲಿ, ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಹಣ್ಣಿನ ಬುಟ್ಟಿ, ಶಾಲು ಬೇಡ, ಕನ್ನಡ ಪುಸ್ತಕ ಕೊಡಬಹುದು ಎಂಬ ಸುತ್ತೋಲೆ ಬಂತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರೂ ಹೂವು, ಶಾಲು ಸ್ವೀಕರಿಸುವುದಿಲ್ಲ, ಕೊಡುವುದಿದ್ದರೆ ಪುಸ್ತಕ ಕೊಡಿ ಎಂದರು.

ಮಾತು ಒಳ್ಳೆಯದೇ. ಪುಸ್ತಕಕ್ಕೆ ಯಾರು ಬೇಡ ಎಂದಾರು? ಆದರೆ ಹೂವು ಬೆಳೆದವನ ಹೊಟ್ಟೆಪಾಡೂ ಇದೆಯಲ್ಲ! 2021ರ ಸುತ್ತೋಲೆ ಬಂದ ಕೂಡಲೇ ಹೂ ಬೆಳೆಗಾರರು ಗೋಳಿಟ್ಟರು. ಕಾರಣವಿತ್ತು. ಹಿಂದಿನ ವರ್ಷ 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದ ದಿನವೇ ಯುಗಾದಿ. ಹಬ್ಬಕ್ಕೆಂದು, ಮುಂದಿನ ಮದುವೆಗಳಿಗೆಂದು ಬೆಳೆದ ಹೂವನ್ನು ಕೇಳುವವರಿಲ್ಲದೆ ರೈತರು ತಿಪ್ಪೆಗೆ ಸುರಿದರು, ಹೊಲದಲ್ಲೇ ಉತ್ತರು. ಆ ಪೆಟ್ಟು ಮಾಸುವ ಮುನ್ನ ಇನ್ನೊಂದು ಪೆಟ್ಟು.

ನಿಜ ಹೇಳಬೇಕೆಂದರೆ ತಪ್ಪು ಹೂವಿನದಲ್ಲ, ಅದನ್ನು ಸುತ್ತುವ ರೀತಿಯದು. ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳಿಗೆ 2016ರ ಮಾರ್ಚಿನಲ್ಲೇ ನಿಷೇಧ ಬಂತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ. ಆದರೂ ಬೊಕೆಯ ಮೈಮೇಲಿನ ಹಾಳೆ ಹಾಗೇ ಇದೆ. ಬುಟ್ಟಿ ಬೊಕೆಗಳ ಅಡಿಯಲ್ಲಿ ಹಸಿರು ಇಟ್ಟಿಗೆಯಂಥ ಸ್ಪಂಜು ಇರುತ್ತದಲ್ಲ, ಅದೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಅಮೆರಿಕದಲ್ಲಿ 1954ರಲ್ಲಿ ಹುಟ್ಟಿದ ಈ ಸರಕು ಉಗುರಿನಲ್ಲಿ ಕೆರೆದರೆ ಪುಡಿಪುಡಿಯಾಗುತ್ತದೆ, ಆದರೆ ಮಣ್ಣಿನಲ್ಲಿ ಕರಗುವುದಿಲ್ಲ.

ಕೊಳ್ಳುವಾಗ ಕಣ್ಣಿರಲಿ

ಬೊಕೆಗೆ ಹೂವು ಕೊಳ್ಳಲು ಬೆಳಿಗ್ಗೆಯೇ ಒಳ್ಳೆಯ ಹೊತ್ತು. ಸಿಟಿ ಮಾರ್ಕೆಟ್ಟಿನಿಂದ ನಸುಕಿನಲ್ಲಿ ಬಂದ ಹೂವು ಆಗಿನ್ನೂ ತಾಜಾ ಇರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗೌರಿ ಗಣೇಶನ ಮುನ್ನಾ ದಿನ ಮಾತ್ರ ಆ ಕಡೆ ತಲೆ ಹಾಕದಿರುವುದು ಜೇಬಿಗೆ ಕ್ಷೇಮ. ಗುಲಾಬಿಯ ಬೆಲೆ ಫೆಬ್ರವರಿ 14ರ ಆಸುಪಾಸಿನಲ್ಲಿ ಹೇಗಿರುತ್ತದೆಂದು ಕಾಲೇಜು ಹುಡುಗರನ್ನು ಕೇಳಿದರೆ ಸಾಕು!

ಇನ್ನೊಂದು ಎಚ್ಚರಿಕೆ. ಎತ್ತಿ ಮೂಗಿಗೆ ಹಿಡಿಯಬೇಡಿ. "ಮೂಸ್ಬೇಡಿ ಸಾರ್, ದೇವರಿಗೆ ಹೋಗೋ ಹೂವು!" ಎಂದು ಹೂವಮ್ಮ ಗದರುವುದು ಖಂಡಿತ. ಮೂಗಿಗಿಂತ ಕೈಯನ್ನೂ ಕಣ್ಣನ್ನೂ ನಂಬುವುದು ಮೇಲು.

ಗುಲಾಬಿಯಾದರೆ ಎಸಳುಗಳ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಬೇಕು. ಗಟ್ಟಿ ಇದ್ದರೆ ಹೊಸದು, ಮೆತ್ತಗಿದ್ದರೆ ಹಳೆಯದು. ಹೊರಗಿನ ಒಂದೆರಡು ಎಸಳು ಬಿಚ್ಚಿಕೊಳ್ಳುತ್ತಿರುವ ಮೊಗ್ಗು ಸರಿಯಾದ ಹದ. ತೀರ ಬಿಗಿ ಮೊಗ್ಗು ಕೆಲವೊಮ್ಮೆ ಅರಳದೆ ಕತ್ತು ಬಗ್ಗಿಸಿಬಿಡುತ್ತದೆ. ಉದ್ದ ದಂಟಿನ 'ಡಚ್ ರೋಸ್' ಇಪ್ಪತ್ತರ ಕಟ್ಟಾಗಿ ಬರುತ್ತದೆ. ಇಡೀ ಕಟ್ಟು ಬೇಡವಾದರೆ ಬಿಡಿಯಾಗಿಯೂ ಸಿಗುತ್ತದೆ.

ಮನೆಯ ಬೊಕೆಗೆ ಎಲ್ಲಕ್ಕಿಂತ ಹೇಳಿ ಮಾಡಿಸಿದ್ದು ಸುಗಂಧರಾಜ. ಮೆಕ್ಸಿಕೋ ಮೂಲದ ಈ ಹೂವು ಈಗ ನಮ್ಮ ಮನೆಯ ಮಗಳೇ ಆಗಿಹೋಗಿದೆ. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದರಲ್ಲಿ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಮುಂತಾದ ತಳಿಗಳನ್ನು ಕೊಟ್ಟಿದೆ. ಒಂದು ಸುತ್ತಿನ ಎಸಳಿನ ಜಾತಿ ಹಾರಕ್ಕೆ ಹೋಗುತ್ತದೆ. ಸುತ್ತು ಸುತ್ತಾಗಿ ಎಸಳಿರುವ ಜಾತಿಯನ್ನು ದಂಟಿನ ಸಮೇತ ಮಾರುತ್ತಾರೆ. ಕೆಳಗಿನ ಎರಡು ಮೂರು ಹೂವು ಅರಳಿ, ಮೇಲಿನವೆಲ್ಲ ಮೊಗ್ಗಾಗಿರುವ ದಂಟನ್ನು ಆರಿಸಬೇಕು. ದಿನಕ್ಕಿಷ್ಟರಂತೆ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಆಸ್ಟರ್, ಆಮೇಲೆ ಸೇವಂತಿಗೆ ಅಗ್ಗ. ಆಸ್ಟರ್‌ನಲ್ಲೂ ಹೆಸರಘಟ್ಟದ ಕಾಮಿನಿ, ಪೂರ್ಣಿಮಾ, ಶಶಾಂಕ್ ತಳಿಗಳಿವೆ. ದಂಟಿನ ಸಮೇತ ತಂದ ಸೇವಂತಿಗೆ ನೀರಿನಲ್ಲಿ ವಾರಕ್ಕೂ ಮೀರಿ ಬಾಳುತ್ತದೆ. ಆಸ್ಪತ್ರೆಗೆ ನೋಡಲು ಹೋಗುವವರು ಘಾಟು ಪರಿಮಳದ ಸುಗಂಧರಾಜ ಬಿಟ್ಟು ಇವನ್ನೇ ಒಯ್ಯುವುದು ವಾಸಿ. ಅದೂ ವಾರ್ಡಿನಲ್ಲಿ ಹೂವಿಗೆ ಅನುಮತಿ ಇದೆಯೇ ಎಂದು ಮೊದಲೇ ಕೇಳಿಕೊಂಡು.

ಕಾಂಪೌಂಡಿನ ಕಣಗಲೆ ಎಷ್ಟೇ ಚೆನ್ನಾಗಿ ಕಂಡರೂ ಬೊಕೆಗೆ ಬೇಡ. ಅದರ ಹಾಲು, ಎಲೆ, ಹೂವು ಎಲ್ಲವೂ ವಿಷ. ಮಕ್ಕಳ ಕೈಗೆ ಹೋಗುವ ವಸ್ತುವಿನಲ್ಲಿ ಅದಕ್ಕೆ ಜಾಗವಿಲ್ಲ.

ಮೊದಲು ನೀರು, ಆಮೇಲೆ ನಾರು

ತಂದ ಕೂಡಲೇ ಕಟ್ಟಲು ಕೂರುವುದು ಬೇಡ. ಹೂವಿಗೆ ಮೊದಲು ಬಾಯಾರಿಕೆ ತೀರಬೇಕು. ದಂಟು ಎಂದರೆ ಎಳನೀರು ಕುಡಿಯುವ ಸ್ಟ್ರಾ ಇದ್ದ ಹಾಗೆ. ಕಿತ್ತ ಮೇಲೆ ಅದರ ತುದಿಯಲ್ಲಿ ಗಾಳಿ ಹೊಕ್ಕು ದಾರಿ ಕಟ್ಟಿಕೊಳ್ಳುತ್ತದೆ. ಆಮೇಲೆ ಎಷ್ಟು ನೀರಿನಲ್ಲಿಟ್ಟರೂ ಮೇಲಕ್ಕೆ ಏರುವುದಿಲ್ಲ. ಆದ್ದರಿಂದ ಬಕೆಟ್ಟಿನ ನೀರಿನೊಳಗೇ ದಂಟನ್ನು ಹಿಡಿದು, ತುದಿಯಿಂದ ಒಂದಂಗುಲವನ್ನು ಓರೆಯಾಗಿ ಕತ್ತರಿಸಿ ತೆಗೆಯಬೇಕು. ಮೊಂಡು ಕತ್ತರಿ ದಂಟನ್ನು ಜಜ್ಜಿಬಿಡುತ್ತದೆ. ಹರಿತವಾದ ಚಾಕು ಒಳ್ಳೆಯದು.

ಕಟ್ಟು ಬರುವ ಜಾಗದಿಂದ ಕೆಳಗಿನ ಎಲೆ, ಮುಳ್ಳು ಎಲ್ಲವನ್ನೂ ತೆಗೆಯಬೇಕು. ಎಲೆ ನೀರಿನಲ್ಲಿ ಮುಳುಗಿದರೆ ಕೊಳೆಯುತ್ತದೆ, ನೀರು ನಾರುತ್ತದೆ, ಹೂವು ಬೇಗ ಸಾಯುತ್ತದೆ. ಮುಳ್ಳು ತೆಗೆಯುವ ಭರದಲ್ಲಿ ದಂಟಿನ ಸಿಪ್ಪೆ ಸುಲಿಯದಿರಲಿ. ಹೀಗೆ ಹಸನು ಮಾಡಿದ ಹೂವನ್ನು ಬಿಸಿಲು ಬೀಳದ ತಂಪು ಮೂಲೆಯಲ್ಲಿ, ನೀರಿನ ಬಕೆಟ್ಟಿನಲ್ಲಿ ಎರಡು ಮೂರು ಗಂಟೆ ನಿಲ್ಲಿಸಬೇಕು. ಬೆಳಿಗ್ಗೆ ಸಮಾರಂಭವಿದ್ದರೆ ರಾತ್ರಿಯಿಡೀ ಇಟ್ಟರೆ ಇನ್ನೂ ಮೇಲು. ಜರ್ಬೇರಾ ಒಂದಕ್ಕೆ ಮಾತ್ರ ನಾಲ್ಕು ಬೆರಳು ನೀರು ಸಾಕು. ಆಳದ ನೀರಿನಲ್ಲಿ ಅದರ ದಂಟು ಕೊಳೆಯುತ್ತದೆ.

ಕತ್ತು ಬಗ್ಗಿಸಿದ ಗುಲಾಬಿಗೂ ಮದ್ದಿದೆ. ದಂಟಿನ ತುದಿ ಮತ್ತೆ ಕತ್ತರಿಸಿ, ಹೂವು ನೆಟ್ಟಗೆ ನಿಲ್ಲುವಂತೆ ಹಳೇ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಉಗುರು ಬೆಚ್ಚಗಿನ ನೀರಿನಲ್ಲಿ ಆಳವಾಗಿ ಒಂದೆರಡು ಗಂಟೆ ನಿಲ್ಲಿಸಿದರೆ ಬಹಳ ಸಲ ಮತ್ತೆ ತಲೆಯೆತ್ತುತ್ತದೆ.

ಕಟ್ಟುವ ಗುಟ್ಟು ಓರೆಯಲ್ಲಿ

ಈಗ ಕಟ್ಟುವ ಕೆಲಸ. ಐದು, ಏಳು, ಒಂಬತ್ತು, ಹೀಗೆ ಬೆಸ ಸಂಖ್ಯೆಯಾದರೆ ಗುಂಡಗೆ ಕೂರುತ್ತದೆ. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಮೊದಲ ದಂಟನ್ನು ನೆಟ್ಟಗೆ ಹಿಡಿಯಬೇಕು. ಇದು ನಡುವಿನ ಹೂವು. ಎರಡನೆಯದನ್ನು ಅದರ ಮೇಲೆ ಓರೆಯಾಗಿ ಇಡಬೇಕು: ಹೂವು ಎಡಕ್ಕೆ, ದಂಟಿನ ತುದಿ ಬಲಕ್ಕೆ. ಮೂರನೆಯದೂ ಅದೇ ದಿಕ್ಕಿಗೆ. ಒಂದೊಂದು ಸೇರಿಸಿದಾಗಲೂ ಇಡೀ ಗೊಂಚಲನ್ನು ಕೈಯಲ್ಲೇ ಸ್ವಲ್ಪ ತಿರುಗಿಸಬೇಕು. ಯಾವ ದಂಟೂ ಎದುರು ದಿಕ್ಕಿಗೆ ಹೋಗಬಾರದು. ಗುಟ್ಟೆಲ್ಲ ಇರುವುದು ಇಷ್ಟರಲ್ಲೇ.

ಹುಲ್ಲಿನ ಕಟ್ಟನ್ನು ನಡು ಹಿಡಿದು ತಿರುಚಿದರೆ ಮೇಲೂ ಕೆಳಗೂ ಅರಳಿಕೊಳ್ಳುತ್ತದಲ್ಲ, ಹಾಗೆಯೇ ಇದೂ. ಮೇಲೆ ಹೂವು ಒಂದಕ್ಕೊಂದು ಒತ್ತದೆ ಅರಳಿ ನಿಲ್ಲುತ್ತವೆ, ಕೆಳಗೆ ದಂಟುಗಳು ಕಾಲಿನಂತೆ ಹರಡುತ್ತವೆ. ದಂಟುಗಳು ಒಂದನ್ನೊಂದು ದಾಟುವ ಜಾಗದಲ್ಲೇ ಕಟ್ಟು ಬೀಳಬೇಕು. ಉದ್ದ ದಂಟಿನ ಗುಲಾಬಿಗೆ ಹೂವಿನಿಂದ ಸುಮಾರು ಒಂದು ಗೇಣು ಕೆಳಗೆ, ಆಸ್ಟರ್‌ಗೆ ನಾಲ್ಕು ಬೆರಳು ಕೆಳಗೆ.

ಕಟ್ಟಲು ರಬ್ಬರ್ ಬ್ಯಾಂಡೂ ಬೇಡ, ತಂತಿಯೂ ಬೇಡ. ಹೂವಿನವರ ಹತ್ತಿರವೇ ಬಾಳೆ ನಾರು ಇರುತ್ತದೆ. "ಒಂದೆರಡೆಳೆ ನಾರು ಕೊಡಮ್ಮಾ" ಎಂದರೆ ಇಲ್ಲವೆನ್ನುವವರು ಕಡಿಮೆ. ನೀರಿನಲ್ಲಿ ನೆನೆಸಿ ಮೆತ್ತಗಾದ ನಾರನ್ನು ಮೂರು ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದರೆ ಬಿಗಿಯೂ ಉಂಟು, ದಂಟು ಕತ್ತರಿಸಿಹೋಗುವ ಭಯವೂ ಇಲ್ಲ. ಕಡೆಗೆ ದಂಟಿನ ತುದಿಗಳನ್ನೆಲ್ಲ ಒಂದೇ ಸಮಕ್ಕೆ ಕತ್ತರಿಸಿ ಮೇಜಿನ ಮೇಲೆ ನಿಲ್ಲಿಸಿ ನೋಡಿ. ಯಾರೂ ಹಿಡಿಯದೆ ತಾನಾಗಿ ನಿಂತರೆ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್! ಬಿದ್ದರೆ ಬಿಚ್ಚಿ ಇನ್ನೊಮ್ಮೆ ಕಟ್ಟಿದರಾಯಿತು. ಎರಡನೆಯ ಸಲಕ್ಕೆ ಕೈ ಕುದುರುತ್ತದೆ.

ಅಂಚಿಗೆ ನಾಲ್ಕು ಕಡ್ಡಿ ಮರುಗ ಸಿಕ್ಕಿಸಿದರೆ ಪರಿಮಳಕ್ಕೆ ಪರಿಮಳ, ಹಸಿರಿಗೆ ಹಸಿರು. ದಾರಿ ದೂರವಿದ್ದರೆ ದಂಟಿನ ತುದಿಗೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಬಾಳೆ ಎಲೆಯ ತುಂಡು ಸುತ್ತಿ ನಾರಿನಲ್ಲೇ ಕಟ್ಟಬಹುದು. ಬಾಡಿಸಿದ ಎಲೆಯಾದರೆ ಸೀಳುವುದಿಲ್ಲ.

ಕೊಟ್ಟ ಮೇಲೂ ಬದುಕಲಿ

ಈ ಬೊಕೆಯ ದೊಡ್ಡ ಲಾಭ ಇರುವುದು ಇಲ್ಲಿಯೇ. ಪಡೆದವರು ಮನೆಗೆ ಹೋಗಿ ಏನನ್ನೂ ಬಿಚ್ಚಬೇಕಿಲ್ಲ. ತುದಿ ಸ್ವಲ್ಪ ಕತ್ತರಿಸಿ ಹಿತ್ತಾಳೆ ಚೊಂಬಿನಲ್ಲೋ ಉಪ್ಪಿನಕಾಯಿ ಖಾಲಿಯಾದ ಗಾಜಿನ ಜಾಡಿಯಲ್ಲೋ ನೀರು ಹಾಕಿ ಇಟ್ಟರಾಯಿತು. ದಿನವೂ ನೀರು ಬದಲಿಸಬೇಕು. ಎರಡು ದಿನಕ್ಕೊಮ್ಮೆ ತುದಿ ಕತ್ತರಿಸಬೇಕು. ಸುಗಂಧರಾಜದ ಬಾಡಿದ ಹೂವನ್ನು ಕಿತ್ತರೆ ಮೇಲಿನ ಮೊಗ್ಗಿಗೆ ಬಲ.

ಒಂದು ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಸ್ವಲ್ಪ ನಿಂಬೆರಸ, ಬಟ್ಟೆ ಬಿಳಿ ಮಾಡುವ ಬ್ಲೀಚ್ ದ್ರವ ಎರಡೇ ಹನಿ ಹಾಕಿದರೆ ಇನ್ನಷ್ಟು ದಿನ ಬಾಳುತ್ತದೆ. ಸಕ್ಕರೆ ಹೂವಿಗೆ ಆಹಾರ, ನಿಂಬೆಯ ಹುಳಿ ನೀರೇರಲು ಸಹಾಯ, ಬ್ಲೀಚು ಕ್ರಿಮಿಗೆ ಶತ್ರು. ಬ್ಲೀಚ್ ಇಲ್ಲದಿದ್ದರೆ ಸಕ್ಕರೆಯೂ ಬೇಡ. ಬರೀ ಸಕ್ಕರೆ ನೀರಿನಲ್ಲಿ ಕ್ರಿಮಿಗೇ ಔತಣ! ಹೂವಿನ ಜಾಡಿಯನ್ನು ಹಣ್ಣಿನ ಬುಟ್ಟಿಯ ಪಕ್ಕ ಇಡುವುದೂ ತಪ್ಪು. ಮಾಗಿದ ಬಾಳೆಹಣ್ಣು, ಸೇಬು ಬಿಡುವ ಎಥಿಲೀನ್ ಎಂಬ ಅನಿಲ ಹೂವನ್ನು ಬೇಗ ಮುದಿಯಾಗಿಸುತ್ತದೆ.

ಒಂದೇ ಹೂವಿನ ದೊಡ್ಡಸ್ತಿಕೆ

"ಒಂದೇ ಜಾತಿ ಹೂವಾದ್ರೆ ಬಡವರ ಬೊಕೆ ಥರ ಕಾಣೋಲ್ವೇ?" ಎಂದು ಹಿಂಜರಿಯುವವರಿದ್ದಾರೆ. ಅಂಥವರಿಗೆ ಜಪಾನಿನ ಒಂದು ಪ್ರಸಿದ್ಧ ಕತೆ ಇದೆ. 16ನೇ ಶತಮಾನದಲ್ಲಿ ಅಲ್ಲಿ ಸೆನ್ ನೋ ರಿಕ್ಯು ಎಂಬ ಚಹಾ ಗುರು ಇದ್ದ. ಅವನ ತೋಟದ ಹೂಬಳ್ಳಿಯ ಸೊಬಗನ್ನು ಕೇಳಿ ದೊರೆ ಹಿದೆಯೋಶಿ ನೋಡಲು ಬಂದನಂತೆ. ಬಂದು ನೋಡಿದರೆ ತೋಟದಲ್ಲಿ ಒಂದು ಹೂವೂ ಇಲ್ಲ, ಎಲ್ಲ ಕತ್ತರಿಸಿ ಹಾಕಿದೆ! ಸಿಟ್ಟಿನಿಂದ ಒಳಗೆ ಕಾಲಿಟ್ಟರೆ ಚಹಾ ಕೋಣೆಯಲ್ಲಿ ಒಂದೇ ಒಂದು ಹೂವು. ದೊರೆಯ ಸಿಟ್ಟು ಇಳಿಯಿತಂತೆ. ನೂರು ಇದ್ದಾಗ ಕಾಣದ ಚೆಲುವು ಒಂದರಲ್ಲಿ ಕಾಣುತ್ತದೆ ಎಂಬುದು ಕತೆಯ ಸಾರ.

ಅಷ್ಟು ದೂರ ಹೋಗಲಾಗದವರು ಗಾಂಧಿ ಬಜಾರಿಗೆ ಕೂಗಳತೆಯಲ್ಲಿರುವ ಲಾಲ್‌ಬಾಗಿಗೆ ಹೋಗಬಹುದು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳ ಜೊತೆ ನಡೆಯುವ ಇಕೆಬಾನ ಸ್ಪರ್ಧೆಯಲ್ಲಿ ಎರಡು ಮೂರು ಹೂವಿನಿಂದಲೇ ಬೆರಗಾಗಿಸುವ ಗೃಹಿಣಿಯರನ್ನು ಕಾಣಬಹುದು.

ದುಡ್ಡು ಯಾರ ಕೈಗೆ?

ಕಡೆಯ ಲೆಕ್ಕ ದುಡ್ಡಿನದು. ಥಳಕಿನ ಬೊಕೆಗೆ ಕೊಟ್ಟ ಹಣದಲ್ಲಿ ಹಾಳೆ, ರಿಬ್ಬನ್, ಸ್ಪಂಜಿನ ಪಾಲು ಕಳೆದು ಮಿಕ್ಕಿದ್ದು ಹೂವಿಗೆ. ದಂಟಿನ ಹೂವು ಕೊಂಡು ಮನೆಯಲ್ಲಿ ಕಟ್ಟಿದರೆ ಅಷ್ಟೇ ಹಣಕ್ಕೆ ಹೆಚ್ಚು ಹೂವು ಬರುತ್ತದೆ. ಹಣವೂ ಹೊಸೂರು, ಆನೇಕಲ್, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯ ಬೆಳೆಗಾರನಿಗೂ ಫುಟ್‌ಪಾತಿನಲ್ಲಿ ಕೂತ ಹೂವಮ್ಮನಿಗೂ ಮುಟ್ಟುತ್ತದೆ.

ಆ ಹೂವಮ್ಮನ ಪಾಡೂ ಹಗುರದ್ದಲ್ಲ. 2023ರಲ್ಲಿ ಗಾಂಧಿ ಬಜಾರಿನ ಮುಖ್ಯರಸ್ತೆಯನ್ನು ನಡೆದಾಡುವವರಿಗೆ ಅನುಕೂಲವಾಗಲೆಂದು ಅಗೆದು ಹೊಸದಾಗಿ ಕಟ್ಟುವ ಕೆಲಸ ನಡೆದಾಗ ಧೂಳು, ಗುಂಡಿಗಳ ನಡುವೆ ವ್ಯಾಪಾರ ಬಿದ್ದುಹೋಯಿತೆಂದು ಅಂಗಡಿಯವರೂ ಬೀದಿ ವ್ಯಾಪಾರಿಗಳೂ ಅಲವತ್ತುಕೊಂಡರು. ಬೀದಿ ವ್ಯಾಪಾರಿಗಳ ಜೀವನೋಪಾಯ ಕಾಪಾಡಬೇಕೆಂಬ ಕಾಯ್ದೆ 2014ರಲ್ಲೇ ಬಂದಿದೆ. ಕಾಯ್ದೆ ಕಾಗದದ ಮೇಲಿದ್ದರೆ ಸಾಲದು. ಬೆಳಿಗ್ಗೆ ಹೂವಿನ ಬುಟ್ಟಿ ಇಳಿಸಲು ಜಾಗ, ಹೂವು ತಾಜಾ ಇಡಲು ಒಂದು ನಲ್ಲಿ ನೀರು, ಮಿಕ್ಕಿದ ಎಲೆ ದಂಟು ಹಾಕಲು ಒಂದು ಹಸಿ ಕಸದ ತೊಟ್ಟಿ, ಇಷ್ಟಾದರೂ ಬೇಡವೇ? ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು.

ಇದು ಬೊಕೆ ಅಂಗಡಿಗಳವರ ಹೊಟ್ಟೆಯ ಮೇಲೆ ಹೊಡೆಯುವ ಮಾತಲ್ಲ. ಕಟ್ಟುವ ಕಲೆ ಅವರ ಕೈಯಲ್ಲಿದೆ. ಪ್ಲಾಸ್ಟಿಕ್ ಬಿಟ್ಟು ಬಾಳೆ ಎಲೆ, ನಾರು, ಒಂದೇ ಜಾತಿಯ ಹೂವಿನ ತುರಾಯಿಯನ್ನು ಅವರೇ ಕಟ್ಟಿ ಮಾರಿದರೆ ಕೊಳ್ಳುವವರು ಬಾರದಿರುತ್ತಾರೆಯೇ? ಗಿರಾಕಿ ಕೇಳಬೇಕು, ಅಷ್ಟೇ. "ಹಾಳೆ ಬೇಡ, ಹೂವು ಮಾತ್ರ ಕೊಡಿ" ಎಂದು ಹತ್ತು ಜನ ಹೇಳಿದರೆ ಹನ್ನೊಂದನೆಯವರಿಗೆ ಹಾಳೆ ಸುತ್ತುವ ಮುಂಚೆ ಅಂಗಡಿಯವರೇ ಕೇಳಿಯಾರು.

ಪುಸ್ತಕ ಕೊಡುವವರು ಧಾರಾಳವಾಗಿ ಕೊಡಲಿ. ಅದರ ಮೇಲೆ ನಾರಿನಲ್ಲಿ ಕಟ್ಟಿದ ಮೂರು ದಂಟು ಸುಗಂಧರಾಜವನ್ನೂ ಇಟ್ಟು ಕೊಟ್ಟರೆ ಪುಸ್ತಕಕ್ಕೂ ಭಾರವಿಲ್ಲ, ಸುತ್ತೋಲೆ ಹೊರಡಿಸಿದವರಿಗೂ ಮುನಿಸಿರಲಾರದು.